ಆರತಕ್ಷತೆಯ ಮಾರನೇ ದಿನದ ತೂಕ

2024 ನವೆಂಬರ್ 17, ಭಾನುವಾರ
ಮೈಸೂರು

ವಾರಕ್ಕೊಂದು ಸಲ, ಭಾನುವಾರ ಬೆಳಗ್ಗೆ ಮಾತ್ರ ತೂಕ ನೋಡುತ್ತೇನೆ. ಇವತ್ತು 69.4. ಹೋದ ವಾರ 68.5 ಇತ್ತು. ನಿನ್ನೆ ರಾತ್ರಿ ನೆಂಟರ ಮನೆ ಆರತಕ್ಷತೆ. ಪುಳಿಯೋಗರೆ, ಹಪ್ಪಳ, ಉಪ್ಪಿನಕಾಯಿ, ಬಡಿಸುವವರು ಬಲವಂತ ಮಾಡಿದರು ಅಂತ ಇನ್ನೊಂದು ಒಬ್ಬಟ್ಟು. ಕೈ ತೊಳೆಯುವಾಗ ಹತ್ತೂವರೆ.

ಯುಗಾದಿ ಹೊತ್ತಿನಲ್ಲಾಗಿದ್ದರೆ ಇಡೀ ದಿನ ಮುಖ ಊದಿಸಿಕೊಂಡಿರುತ್ತಿದ್ದೆ. ಈಗ ಲೆಕ್ಕ ಗೊತ್ತು. ಮೈಯಲ್ಲಿರುವ ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಒಂದೇ ರಾತ್ರಿಯಲ್ಲಿ ಅಷ್ಟು ಸೇರಬೇಕಾದರೆ, ದಿನದ ಖರ್ಚು ಕಳೆದು ಅಷ್ಟೂ ಮೇಲೆ ತಿನ್ನಬೇಕು. ಒಬ್ಬಟ್ಟಿನ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ ಅದು ಆಗದ ಮಾತು. ಉಪ್ಪು ಹಿಡಿದಿಟ್ಟುಕೊಂಡ ನೀರು, ಇನ್ನೂ ಹೊಟ್ಟೆಯಲ್ಲೇ ಕೂತಿರುವ ಊಟ, ಅಷ್ಟೇ. ಎರಡು ಮೂರು ದಿನದಲ್ಲಿ ಇಳಿಯುತ್ತದೆ.

ಇದೇ ಲೆಕ್ಕವನ್ನು ತಿರುಗಿಸಿ ಹಾಕಿದರೆ ಅಷ್ಟು ಖುಷಿಯಾಗುವುದಿಲ್ಲ. ನನ್ನ ತೂಕದವರು ಮುಕ್ಕಾಲು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಇನ್ನೂರು ಕ್ಯಾಲೊರಿ ಆಸುಪಾಸು. ಊಟ ಜಾಸ್ತಿ ಮಾಡದೆ ದಿನಾ ನಡೆದರೂ ಒಂದು ಕೆಜಿ ಇಳಿಯಲು ಹತ್ತಿರ ಹತ್ತಿರ ನಲವತ್ತು ದಿನ ಬೇಕು. ವಾಕಿಂಗ್ ಮುಗಿಸಿ ಹೋಟೆಲಿಗೆ ನುಗ್ಗಿ ಒಂದು ಮಸಾಲೆ ದೋಸೆ ತಿಂದರೆ ಎಲ್ಲಾ ಉಲ್ಟಾ. ‘ತಿಂಗಳಿಗೆ ಹತ್ತು ಕೆಜಿ’ ಅನ್ನುವ ಜಾಹೀರಾತು ಕಂಡರೆ ಈಗ ನಗು ಬರುತ್ತದೆ.

ಮಾರ್ಚ್‌ನಲ್ಲಿ ಡಾಕ್ಟರ್ ಶುಗರ್ ಬಾರ್ಡರ್‌ನಲ್ಲಿದೆ ಅಂದಾಗ 72 ಇದ್ದೆ. ಹಾಗೆ ಬಾರ್ಡರ್‌ನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ನಡೆದಿತ್ತು, 2002ರಲ್ಲಿ ಫಲಿತಾಂಶ ಬಂತು. ಊಟದಲ್ಲಿ ಹಿಡಿತ, ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ, ತೂಕದಲ್ಲಿ ಏಳು ಪರ್ಸೆಂಟ್ ಇಳಿಸುವ ಗುರಿ. ಇಷ್ಟರಿಂದಲೇ ಸಕ್ಕರೆ ಕಾಯಿಲೆಗೆ ತಿರುಗುವ ಸಾಧ್ಯತೆ 58 ಪರ್ಸೆಂಟ್ ಕಡಿಮೆಯಾಯಿತು. ನನಗೆ ಏಳು ಪರ್ಸೆಂಟ್ ಅಂದರೆ ಐದು ಕೆಜಿ. ಐದು ಕೆಜಿಗೆ ಯಾಕಿಷ್ಟು ಅವಸರ, ಅಲ್ವಾ?

ತೂಕ ಬರೆದಿಟ್ಟು ಕುಕ್ಕರಹಳ್ಳಿ ಕೆರೆಗೆ ಹೋದೆ. ಚಳಿ ಶುರುವಾಗಿದೆ, ಅಜ್ಜಂದಿರ ತಲೆಗೆ ಮಂಕಿ ಕ್ಯಾಪ್ ಬಂದಿದೆ. ಹೆಜ್ಜಾರ್ಲೆಗಳು ಮರದ ಮೇಲೆ ಆರಾಮಾಗಿದ್ದವು. ಕುವೆಂಪು ವಾಕಿಂಗ್ ಮಾಡುತ್ತಿದ್ದ ಜಾಗ ಇದು. ಅವರಿಗೆ ಇಲ್ಲಿ ಕವಿತೆ ಹೊಳೆಯುತ್ತಿತ್ತೇನೋ, ನನಗೆ ಹೊಳೆಯುವುದು ತಿಂಡಿಗೇನು ಅನ್ನೋದೊಂದೇ. ಎಷ್ಟು ಜೋರು ನಡೆಯಬೇಕು ಅಂತ ವಾಚು ನೋಡುವ ಅಗತ್ಯವೇನಿಲ್ಲ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಆ ವೇಗ ಸಾಕು.

ಮಳೆಗಾಲದಲ್ಲಿ ಕೆರೆ ಕಡೆ ಹೋಗದಿದ್ದ ದಿನ ಅಡುಗೆಮನೆಯೇ ಗತಿ. ಕುಕ್ಕರ್ ಕೂಗುವಷ್ಟರಲ್ಲಿ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಈಗಲೂ ಬಿಟ್ಟಿಲ್ಲ. ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ನಮ್ಮ ವಯಸ್ಸಿನಲ್ಲಿ ಅದು ನಷ್ಟದ ಬಾಬತ್ತು.

ಇವತ್ತು ಧಾರೆಗೆ ಉಟ್ಟಿದ್ದು ಹಸಿರು ರೇಷ್ಮೆ. ಬ್ಲೌಸಿನ ಒಳಗೆ, ಪಕ್ಕದಲ್ಲಿ ಟೈಲರ್ ಮೂರು ಸಾಲು ಹೊಲಿಗೆ ಹಾಕಿರುತ್ತಾರಲ್ಲ, ಅದರಲ್ಲಿ ಒಂದನ್ನು ಎರಡು ವರ್ಷದ ಹಿಂದೆ ಬಿಚ್ಚಿಸಿದ್ದೆ, ಇನ್ನೊಂದನ್ನು ಹೋದ ವರ್ಷ. ಬಿಚ್ಚಿದ ಕಡೆ ಸೂಜಿ ತೂತುಗಳ ಸಾಲು, ಮಡಿಕೆಯೊಳಗಿದ್ದ ಬಟ್ಟೆ ಮಾತ್ರ ಹೊಸದರಂತೆ ಗಾಢ ಹಸಿರು. ಈ ವಾರ ಎರಡನೇ ಸಾಲನ್ನು ಅದೇ ತೂತುಗಳ ಮೇಲೆ ಮತ್ತೆ ಹಾಕಿಸಿದೆ. ಜೂನ್‌ನಲ್ಲಿ ತೂಕದ ಮುಳ್ಳು ತಿಂಗಳಿಡೀ ಅಲುಗಲಿಲ್ಲ, ಆದರೆ ಸೊಂಟದ ಸುತ್ತಳತೆ ಇಳಿಯುತ್ತಲೇ ಇತ್ತು. ನಮ್ಮ ಕಡೆಯ ಹೆಂಗಸರಿಗೆ ಅದು 80 ಸೆಂಟಿಮೀಟರ್ ದಾಟಬಾರದು ಅನ್ನುತ್ತಾರೆ. ನಾನಿನ್ನೂ ಅಲ್ಲಿಗೆ ಬಂದಿಲ್ಲ.

ಛತ್ರದಲ್ಲಿ ಮೊದಲು ಸಿಕ್ಕಿದ ದೊಡ್ಡಮ್ಮ “ಯಾಕೇ ಇಳಿದುಹೋಗಿದ್ದೀಯ, ಹುಷಾರಿಲ್ವಾ?” ಅಂದರು. ಇನ್ನೊಬ್ಬರಿಗೆ ಯಾವ ಪೌಡರ್ ಕುಡಿಯುತ್ತೇನೆ ಅಂತ ತಿಳಿಯಬೇಕಿತ್ತು. ವಾಕಿಂಗ್ ಅಂದೆ. “ಅದು ಸರಿ, ಅದರ ಜೊತೆಗೆ?” ಅಂದರು. ರಾತ್ರಿ ಅನ್ನ ಸ್ವಲ್ಪ ಕಮ್ಮಿ, ಪಲ್ಯ ಜಾಸ್ತಿ ಅಂದೆ. ಅವರಿಗೆ ಆಸಕ್ತಿಯೇ ಹೋಯಿತು.

ಎಲೆಯ ಮುಂದೆ ಕೂತಾಗ ಪಕ್ಕದಲ್ಲಿದ್ದ ನಾದಿನಿ ಮಾತ್ರ ಮೆಲ್ಲಗೆ ಕೇಳಿದಳು, “ನಾಳೆಯಿಂದ ನಾನೂ ಬರ್ಲಾ?” ಆರು ಗಂಟೆಗೆ ಕೆರೆ ಗೇಟಿನ ಹತ್ತಿರ ಇರು ಅಂದೆ. ಎಲೆಯಲ್ಲಿದ್ದ ಜಹಾಂಗೀರನ್ನು ಒಮ್ಮೆ ನೋಡಿ, “ಆರೂವರೆ ಮಾಡೋಣ ಅಕ್ಕ” ಅಂದಳು.