ತಲೆ ಆಡಿಸು ಸಾಕು

“ಬಾಯಿ ಬಿಡದು ಬ್ಯಾಡ ತಮಾ, ತಲೆ ಆಡ್ಸು ಸಾಕು.”

ಈ ವಾರವಿಡೀ ಈ ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತಿದೆ. ಹೇಳಿದವರು ನನ್ನನ್ನು ಚಡ್ಡಿ ಹಾಕುವ ಕಾಲದಿಂದ ನೋಡಿದ ಹಿರಿಯರು. ಶಿರಸಿಯಲ್ಲಿ ನನ್ನದೊಂದು ಸಣ್ಣ ಮೆಡಿಕಲ್. ಊಟದ ಹೊತ್ತಿಗೆ ಬಂದು ಫ್ರಿಜ್ ಪಕ್ಕದ ಸ್ಟೂಲಿನ ಮೇಲೆ ಕೂತರು. ಇದ್ದೊಬ್ಬ ಗಿರಾಕಿ ಹೋಗುವವರೆಗೆ ಅಡಿಕೆ ದರ ಮಾತಾಡಿದರು. ಆಮೇಲೆ ಮುಂದೆ ಬಾಗಿ, ಮೊಮ್ಮಗಳಿಗೆ ನೋಡುತ್ತಿರುವ ಹುಡುಗನ ಹೆಸರು ಹೇಳಿ ಕೇಳಿದರು: “ಆ ಮಾಣಿ ನಿನ್ನಲ್ಲಿ ಎಂತಾರೂ ಮಾತ್ರೆ ತಗತ್ನಾ?”

“ಹುಡುಗನನ್ನೇ ಕೇಳಿ” ಅಂದೆ. “ಅಂವನ್ನೇ ಹ್ಯಾಂಗೆ ಕೇಳದು?” ಅಂದರು. ಅದರ ಹಿಂದೆಯೇ ಬಂತು, ತಲೆ ಆಡ್ಸು ಸಾಕು.

ಅವರು ಕೆಟ್ಟವರಲ್ಲ. ಮೊಮ್ಮಗಳ ಚಿಂತೆ. ತೋಟ ನೋಡಿಕೊಂಡು ಊರಲ್ಲೇ ಇರುವ ಹುಡುಗರಿಗೆ ಹೆಣ್ಣು ಸಿಗುವುದು ಈಗ ಎಷ್ಟು ಕಷ್ಟ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹಾಗಾಗಿ ಹೆಣ್ಣಿನ ಕಡೆಯವರ ವಿಚಾರಣೆ ಜೋರು. ಜಾತಕ, ಎಕರೆ, ಮನೆಗೆ ರಸ್ತೆ ಇದೆಯಾ, ನೆಟ್‌ವರ್ಕ್ ಬರುತ್ತಾ. ಈಗ ಈ ಪಟ್ಟಿಗೆ ಮೆಡಿಕಲ್ ಶಾಪೂ ಸೇರಿದೆ. ಆದರೆ ತಾವೇ ಕೇಳಿದ್ದು ಅಂತ ಎಲ್ಲೂ ಬರಬಾರದು ಅನ್ನುವ ಅವರ ಜಾಣತನ ಮಾತ್ರ ನನಗೆ ಹಿಡಿಸಲಿಲ್ಲ. ಅವರ ಮನೆಯ ಚೀಟಿಗಳೂ ನನ್ನಲ್ಲಿಗೇ ಬರುತ್ತವೆ. ಇಷ್ಟೇ ಹೇಳುತ್ತೇನೆ.

ಹುಡುಗ ಗಟ್ಟಿಮುಟ್ಟಾಗಿದ್ದರೆ “ಏನೂ ಇಲ್ಲ” ಅಂತ ಹೇಳಬಹುದಿತ್ತಲ್ಲ, ಅಂತ ನನ್ನ ಹೆಂಡತಿ ಕೇಳಿದಳು. ತೊಂದರೆ ಇರುವುದೇ ಅಲ್ಲಿ. ಇವತ್ತು ಒಬ್ಬನ ವಿಷಯದಲ್ಲಿ ಏನೂ ಇಲ್ಲ ಅಂದೆ ಅಂತಿಟ್ಟುಕೊಳ್ಳಿ. ನಾಳೆ ಇನ್ನೊಬ್ಬನ ವಿಷಯ ಕೇಳಿದಾಗ ಸುಮ್ಮನಿದ್ದರೆ ಅದೇ ಉತ್ತರ ಆಗಿಬಿಡುತ್ತದೆ. ಒಬ್ಬನ ಗುಟ್ಟು ಉಳಿಯಬೇಕಾದರೆ ಗುಟ್ಟೇ ಇಲ್ಲದವನ ಬಗ್ಗೆಯೂ ಬಾಯಿ ಮುಚ್ಚಿಕೊಂಡಿರಬೇಕು. ಬೆಂಗಳೂರಿನಲ್ಲಿ ದೊಡ್ಡ ಮೆಡಿಕಲ್‌ನಲ್ಲಿ ಕೆಲಸ ಮಾಡುವಾಗ ಈ ಕಷ್ಟವೇ ಇರಲಿಲ್ಲ. ಗುಟ್ಟು ಹೇಳೋಣ ಅಂದರೂ ಕೇಳುವವರು ಯಾರಿದ್ದರು?

ಶೆಡ್ಯೂಲ್ ಎಚ್1 ಅಂತ ಔಷಧಿಗಳ ಒಂದು ಸರ್ಕಾರಿ ಪಟ್ಟಿ ಇದೆ. ಕ್ಷಯದ ಔಷಧಿ, ಕೆಲವು ಆ್ಯಂಟಿಬಯಾಟಿಕ್, ನಿದ್ದೆಗೆ ಕೊಡುವ ಕೆಲವು ಮಾತ್ರೆ ಎಲ್ಲ ಅದರಲ್ಲಿ ಬರುತ್ತವೆ. ಮಾರಿದಾಗ ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟೆವು ಎಲ್ಲ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಆ ರಿಜಿಸ್ಟರ್ ನನ್ನ ಡ್ರಾಯರಿನಲ್ಲಿದೆ. ಅದರಲ್ಲಿ ಇಲ್ಲದ್ದೇ ಜಾಸ್ತಿ ಅನ್ನಿ. ಹುಬ್ಬಳ್ಳಿಯದೋ ಮಣಿಪಾಲದ್ದೋ ಚೀಟಿಯ ತಲೆಬರಹ ನೋಡಿದರೆ ಅರ್ಧ ಕತೆ ಗೊತ್ತಾಗುತ್ತದೆ. ಒಬ್ಬರು ಬಿಲ್ ಬೇಡ ಅನ್ನುತ್ತಾರೆ. ಇನ್ನೊಬ್ಬರು ಸ್ಟ್ರಿಪ್‌ಗಳನ್ನು ಮಾತ್ರ ಅಂಗಿಯ ಜೇಬಿಗೆ ಹಾಕಿಕೊಂಡು, ಖಾಲಿ ಡಬ್ಬಿಯನ್ನು ನನ್ನ ಕಸದ ಬುಟ್ಟಿಗೆ ಹಾಕಿ, ಅದರ ಮೇಲೆ ಒಂದು ಪೇಪರ್ ಮುಚ್ಚಿ ಹೋಗುತ್ತಾರೆ. ಇಲ್ಲಿಯವರು ಕೆಲವರು ಘಟ್ಟ ಇಳಿದು ಕುಮಟಾದಲ್ಲಿ ಔಷಧಿ ತರುತ್ತಾರೆ. ಕುಮಟಾದವರು ಘಟ್ಟ ಹತ್ತಿ ನನ್ನಲ್ಲಿಗೆ ಬರುತ್ತಾರೆ. ದೇವಿಮನೆ ಘಟ್ಟದಲ್ಲಿ ಇವರ ಬಸ್ಸಿಗೆ ಅವರ ಬಸ್ಸು ಸೈಡ್ ಕೊಡುತ್ತಿರುತ್ತದೆ.

ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಎದುರಿನವರು ನನ್ನ ಮುಖ ನೋಡಿ ಎಲೆಗೆ ಕೈ ಅಡ್ಡ ಹಿಡಿದು ಜಿಲೇಬಿ ಬೇಡ ಅನ್ನುತ್ತಾರೆ. ನಾನು ಆಚೆ ತಿರುಗಿದ ಮೇಲೆ ಹಾಕಿಸಿಕೊಳ್ಳುತ್ತಾರೆ. ರಜೆಗೆ ಬರುವ ಗೆಳೆಯರು “ಎಷ್ಟು ಶಾಂತ ಮಾರಾಯಾ ನಿಮ್ಮೂರು” ಅನ್ನುತ್ತಾರೆ. ಹೌದು, ಶಾಂತವೇ. ಅದಕ್ಕೆ ಸುಮಾರು ಜನ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ಡಾಕ್ಟರು, ನರ್ಸಮ್ಮ, ಪೋಸ್ಟಿನವರು, ಸಾಲದ ಲೆಕ್ಕ ಬರೆಯುವ ಸೊಸೈಟಿಯವರು. ಇವರಲ್ಲಿ ಒಬ್ಬರು ಒಂದು ದಿನ ಬಾಯಿ ಬಿಟ್ಟರೂ ಸಾಕು, ಎಷ್ಟು ಮನೆಗಳಲ್ಲಿ ಒಲೆ ಉರಿಯುವುದಿಲ್ಲವೋ.

ಹಿರಿಯರಿಗೆ ನಾನು ತಲೆ ಆಡಿಸಲಿಲ್ಲ. ಬಂದಿದ್ದಕ್ಕೆ ಏನೋ ಒಂದು ತೆಗೆದುಕೊಂಡು ಎದ್ದರು.

ಮರುದಿನ ಬಂದಿದ್ದು ಹುಡುಗನ ತಾಯಿ! “ಅವರು ಬಂದಿದ್ರಂತಲ್ಲ, ಎಂತ ಕೇಳಿದ್ರು?”

“ಔಷಧಿಗೆ ಬಂದಿದ್ರು ಅಕ್ಕಾ.”

“ಎಂತ ಔಷಧಿ?”

ಅದನ್ನೂ ಹೇಳುವ ಹಾಗಿಲ್ಲವಲ್ಲ. “ಗೊತ್ತಿಲ್ಲ” ಅಂದೆ. ಕೊಟ್ಟವನಿಗೇ ಗೊತ್ತಿಲ್ಲವಾ ಅನ್ನುವ ಹಾಗೆ ನೋಡಿದರು. ಚೀಲ ಎತ್ತಿಕೊಂಡು ರಸ್ತೆ ದಾಟಿ ಎದುರಿನ ಮೆಡಿಕಲ್‌ಗೆ ಹೋದರು.