ಇಮ್ಯುನಾಲಜಿ ಬಾಯಿಪಾಠ ಮಾಡದೆ ಪಾಸಾಗಬಹುದಾ?

ನಾನು ಡಿಗ್ರಿ ಕಾಲೇಜಿನಲ್ಲಿ ಇಮ್ಯುನಾಲಜಿ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯ ಪಾಠ ಮಾಡುತ್ತೇನೆ. ಇದು ಗೊತ್ತಾದವರು ಎರಡರಲ್ಲಿ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನೆಂಟರಿಷ್ಟರದ್ದು, "ಇಮ್ಯುನಿಟಿ ಜಾಸ್ತಿ ಆಗೋಕೆ ಏನು ಕುಡೀಬೇಕು?" ಅದಕ್ಕೆ ಉತ್ತರ ಚಿಕ್ಕದು. ಲಸಿಕೆಗಳನ್ನು ತಪ್ಪಿಸಬೇಡಿ, ಸರಿಯಾಗಿ ಊಟ ನಿದ್ದೆ ಮಾಡಿ, ಕಷಾಯ ಬೇಕಿದ್ದರೆ ರುಚಿಗೆ ಕುಡೀರಿ. ಇನ್ನೊಂದು ವಿದ್ಯಾರ್ಥಿಗಳದ್ದು. ಸೆಮಿಸ್ಟರ್ ಶುರುವಾಗಿ ಸ್ವಲ್ಪ ದಿನಕ್ಕೇ ಬರುತ್ತದೆ: "ಮೇಡಂ, ಈ ಪೇಪರ್ ತುಂಬಾ ಬರೀ ಹೆಸರು, ನಂಬರು. ಸಿಡಿ4, ಸಿಡಿ8, ಐಎಲ್-2, ಐಎಲ್-6, ಎಂಎಚ್‌ಸಿ. ಬಾಯಿಪಾಠ ಬಿಟ್ಟರೆ ಬೇರೆ ದಾರಿ ಇಲ್ವಾ?"

ಇದೆ. ಆದರೆ ಪಠ್ಯಪುಸ್ತಕದ ಮೊದಲ ಪುಟದಲ್ಲಿರುವ ಚಾರ್ಟ್‌ನಿಂದ ಶುರು ಮಾಡಿದರೆ ಸಿಗುವುದಿಲ್ಲ. ಎಡಗಡೆ ಹುಟ್ಟಿನಿಂದ ಬಂದ ರಕ್ಷಣೆ, ಬಲಗಡೆ ಆಮೇಲೆ ಗಳಿಸಿದ ರಕ್ಷಣೆ, ಅದರ ಕೆಳಗೆ ಬಾಣಗಳು. ಅದರ ಜೊತೆಗೆ ಸೈನಿಕರು, ಶತ್ರುಗಳು ಅನ್ನೋ ಹೋಲಿಕೆ ಬೇರೆ. ನನಗೆ ಈ ಹೋಲಿಕೆ ಕಂಡರೆ ಆಗುವುದಿಲ್ಲ. ಸೈನಿಕನಿಗೆ ಶತ್ರು ಯಾರು ಅಂತ ಮೇಲಿನಿಂದ ಯಾರೋ ಹೇಳಿರುತ್ತಾರೆ. ದೇಹಕ್ಕೆ ಯಾರು ಹೇಳಿದರು? ಇಡೀ ವಿಷಯ ಇರುವುದೇ ಈ ಪ್ರಶ್ನೆಯಲ್ಲಿ.

ಕಾರ್ಲ್ ಲ್ಯಾಂಡ್‌ಸ್ಟೈನರ್ ಹೆಸರು ನಿಮಗೆ ಗೊತ್ತು, ಪ್ರಾಕ್ಟಿಕಲ್‌ನಲ್ಲಿ ಬೆರಳು ಚುಚ್ಚಿಕೊಂಡು ಬ್ಲಡ್ ಗ್ರೂಪ್ ನೋಡುತ್ತೀರಲ್ಲ, ಆ ಗುಂಪುಗಳನ್ನು 1901ರಲ್ಲಿ ತೋರಿಸಿದವರು. ಅವರ ಇನ್ನೊಂದು ಕೆಲಸ ನನಗೆ ಅದಕ್ಕಿಂತ ಇಷ್ಟ. ಲ್ಯಾಬ್‌ನಲ್ಲಿ ತಯಾರಿಸಿದ, ಪ್ರಕೃತಿಯಲ್ಲಿ ಎಲ್ಲೂ ಇಲ್ಲದ ಸಣ್ಣ ರಾಸಾಯನಿಕಗಳನ್ನು ಪ್ರೋಟೀನಿಗೆ ಅಂಟಿಸಿ ಅವರು ಮೊಲಗಳಿಗೆ ಚುಚ್ಚಿದರು. ಮೊಲದ ರಕ್ತದಲ್ಲಿ ಆ ರಾಸಾಯನಿಕಕ್ಕೇ ಅಂಟುವ ಪ್ರೋಟೀನ್, ಅಂದರೆ ಆಂಟಿಬಾಡಿ ಬಂತು. ರಾಸಾಯನಿಕದ ಒಂದು ಚೂರನ್ನು ಪಕ್ಕದ ಜಾಗಕ್ಕೆ ಸರಿಸಿದರೆ ಸಾಕು, ಆಂಟಿಬಾಡಿಗೆ ವ್ಯತ್ಯಾಸ ಗೊತ್ತಾಗುತ್ತಿತ್ತು. ಮೊಲದ ವಂಶದಲ್ಲೇ ಯಾರೂ ನೋಡಿರದ ವಸ್ತು ಅದು. ಆಂಟಿಬಾಡಿ ಎಲ್ಲಿಂದ ಬಂತು?

ಲೈನಸ್ ಪೌಲಿಂಗ್ 1940ರಲ್ಲಿ ಒಂದು ಉತ್ತರ ಕೊಟ್ಟರು. ಹೊರಗಿನ ವಸ್ತುವಿನ ಮೇಲೆಯೇ ಆಂಟಿಬಾಡಿ ಮಡಚಿಕೊಂಡು ಅದರ ಆಕಾರಕ್ಕೆ ಬರುತ್ತದೆ ಅಂತ. ಕೇಳಲು ಸರಿಯಾಗಿಯೇ ಇದೆ, ತರಗತಿಯಲ್ಲಿ ಊಹೆ ಮಾಡಿ ಅಂದರೆ ಹೆಚ್ಚಿನವರು ಇದನ್ನೇ ಹೇಳುತ್ತಾರೆ. ಆದರೆ ತಪ್ಪು. 1957ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಇದನ್ನು ತಲೆಕೆಳಗು ಮಾಡಿದರು. (ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯ ವೈರಸ್ ಸಿಕ್ಕಿದ್ದೂ ಅದೇ ವರ್ಷ, ಸುಮ್ನೆ ಹೇಳಿದೆ.) ಬರ್ನೆಟ್ ಹೇಳಿದ್ದು ಇಷ್ಟು: ರೋಗಾಣು ಬರುವ ಮೊದಲೇ ದೇಹದಲ್ಲಿ ಲೆಕ್ಕವಿಲ್ಲದಷ್ಟು ಬಗೆಯ ಜೀವಕಣಗಳು ತಯಾರಾಗಿರುತ್ತವೆ, ಒಂದೊಂದು ಕಣದ ಮೇಲೆ ಒಂದೊಂದೇ ಬಗೆಯ ಗ್ರಾಹಕ, ಅಂದರೆ ಹೊರಗಿನ ವಸ್ತು ಬಂದು ಅಂಟುವ ಪ್ರೋಟೀನ್ (ಆಂಟಿಬಾಡಿ ಅದರದ್ದೇ ಬಿಡಿ ರೂಪ). ಬಂದ ವಸ್ತು ತನಗೆ ಹೊಂದುವ ಕಣವನ್ನು ಆರಿಸುತ್ತದೆ. ಆರಿಸಲ್ಪಟ್ಟ ಕಣ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಅಷ್ಟೇ. ದೇಹ ಏನನ್ನೂ ಮೊದಲೇ ತಿಳಿದಿರಬೇಕಾಗಿಲ್ಲ.

ಇಲ್ಲಿ ಯಾರಾದರೂ ಕೈ ಎತ್ತಬೇಕು. ಎತ್ತದಿದ್ದರೆ ನಾನೇ ಕೇಳುತ್ತೇನೆ. ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಕೋಟಿಗಟ್ಟಲೆ ಬಗೆಯ ಆಂಟಿಬಾಡಿಗೆ ಜೀನ್ ಎಲ್ಲಿದೆ?

ಸುಸುಮು ತೊನೆಗಾವಾ 1976ರಲ್ಲಿ ತೋರಿಸಿದ್ದು ಇದನ್ನೇ, 1987ರ ನೊಬೆಲ್ ಬಂದದ್ದೂ ಇದಕ್ಕೇ. ಆಂಟಿಬಾಡಿಗೆ ಇಡಿಯಾದ ಜೀನ್ ಇಲ್ಲ, ತುಂಡುಗಳಿವೆ. ಆಂಟಿಬಾಡಿ ತಯಾರಿಸುವ ಬಿ ಕಣ ಬೆಳೆಯುವಾಗ ತನ್ನ ಡಿಎನ್‌ಎಯನ್ನೇ ಕತ್ತರಿಸಿ, ತುಂಡುಗಳನ್ನು ಆರಿಸಿ ಜೋಡಿಸಿಕೊಳ್ಳುತ್ತದೆ. ಆಂಟಿಬಾಡಿಯಲ್ಲಿ ಭಾರದ್ದು, ಹಗುರದ್ದು ಅಂತ ಎರಡು ಬಗೆಯ ಪ್ರೋಟೀನ್ ಸರಪಳಿ ಇರುತ್ತವೆ. ಭಾರದ ಸರಪಳಿಗೆ ವಿ ತುಂಡು ಸುಮಾರು 40, ಡಿ ತುಂಡು 23, ಜೆ ತುಂಡು 6. ಗುಣಿಸಿದರೆ 5,520. ಹಗುರ ಸರಪಳಿಯಲ್ಲಿ ಹೀಗೇ ಸುಮಾರು 320 ಬಗೆ. ಎರಡನ್ನೂ ಗುಣಿಸಿ, 17 ಲಕ್ಷ ದಾಟುತ್ತದೆ. ಸಾಲದು ಅಂತ ತುಂಡುಗಳು ಸೇರುವ ಜಾಗದಲ್ಲಿ ಒಂದು ಕಿಣ್ವ ಮನಸ್ಸಿಗೆ ಬಂದಷ್ಟು ಅಕ್ಷರ ತುರುಕುತ್ತದೆ, ಅಲ್ಲಿಂದ ಮುಂದೆ ಲೆಕ್ಕ ಬಿಟ್ಟುಬಿಡಬೇಕು. ಡಿಎನ್‌ಎ ಓದುವುದು ಮೂರು ಮೂರು ಅಕ್ಷರವಾಗಿ, ಹಾಗಾಗಿ ಹೀಗೆ ತುರುಕಿದಾಗ ಮೂರರಲ್ಲಿ ಎರಡು ಜೋಡಣೆ ಕೆಲಸಕ್ಕೇ ಬರುವುದಿಲ್ಲ. ಎಷ್ಟು ಪೋಲು ನೋಡಿ! ಅಚ್ಚುಕಟ್ಟಾದ ಯಂತ್ರ ಅಂತ ಪುಸ್ತಕಗಳು ಹೊಗಳುವಾಗ ನನಗೆ ನಗು ಬರುತ್ತದೆ.

ಈಗ ಮುಂದಿನದು ತಾನಾಗಿ ಬರುತ್ತದೆ. ಕಣ್ಣುಮುಚ್ಚಿ ಗ್ರಾಹಕ ತಯಾರಿಸಿದರೆ ಕೆಲವು ನಮ್ಮದೇ ದೇಹಕ್ಕೆ ಅಂಟುತ್ತವೆ, ಅಲ್ವಾ? ಅವನ್ನು ತೆಗೆಯುವ ಜಾಗ ಬೇಕು. ಟಿ ಕಣಗಳು (ಸೋಂಕು ತಗುಲಿದ ಕಣಗಳನ್ನು ಕೊಲ್ಲುವ, ಬಿ ಕಣಗಳಿಗೆ ನೆರವಾಗುವ ಬಿಳಿ ರಕ್ತಕಣಗಳು) ಗ್ರಾಹಕ ತಯಾರಿಸುವುದೂ ಹೀಗೇ. ಅವಕ್ಕೆ ಆ ಜಾಗ ಥೈಮಸ್, ಎದೆಮೂಳೆಯ ಹಿಂದಿರುವ ಗ್ರಂಥಿ. 1961ರವರೆಗೂ ಇದು ಯಾವ ಕೆಲಸಕ್ಕೂ ಬಾರದ್ದು ಅಂದುಕೊಂಡಿದ್ದರು. ಜಾಕ್ ಮಿಲ್ಲರ್ ಆಗಷ್ಟೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದರು. ಮರಿಗಳು ಸೋಂಕಿಗೆ ಸತ್ತವು, ಬೇರೆ ಇಲಿಯ ಚರ್ಮ ಅಂಟಿಸಿದರೂ ತಿರಸ್ಕರಿಸಲಿಲ್ಲ. ಥೈಮಸ್‌ಗೆ ಹೋದ ಕಣಗಳಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಅಲ್ಲೇ ಸಾಯುತ್ತವೆ. ಹೆಚ್ಚಿನವು ನಮ್ಮ ಎಂಎಚ್‌ಸಿಯನ್ನು (ಕಣದೊಳಗಿನ ಪ್ರೋಟೀನ್ ಚೂರುಗಳನ್ನು ಹೊರಗೆ ಹಿಡಿದು ಟಿ ಕಣಕ್ಕೆ ತೋರಿಸುವ ಪ್ರೋಟೀನ್) ಗುರುತಿಸಲಾಗದೆ, ಕೆಲವು ನಮ್ಮದೇ ಪ್ರೋಟೀನಿಗೆ ಬಲವಾಗಿ ಅಂಟಿದ್ದಕ್ಕೆ. ಅಲ್ಲೂ ತಪ್ಪಿಸಿಕೊಂಡವನ್ನು ಹೊರಗೆ ತಡೆಯುವ ಟಿ ಕಣಗಳೇ ಬೇರೆ ಇವೆ. 2025ರ ನೊಬೆಲ್ ಆ ಕೆಲಸಕ್ಕೆ ಬ್ರಂಕೋ, ರಾಮ್ಸ್‌ಡೆಲ್ ಮತ್ತು ಸಕಾಗುಚಿ ಅವರಿಗೆ ಹೋಯಿತು.

ಇನ್ನೊಂದು ಪರಿಣಾಮವೂ ಇದೆ. ಇಷ್ಟೊಂದು ಬಗೆ ಇದ್ದರೆ ಒಂದೊಂದು ಬಗೆಯಲ್ಲೂ ಕಣಗಳು ಕಡಿಮೆಯೇ. ಹೊಸ ವೈರಸ್‌ಗೆ ಹೊಂದುವ ಟಿ ಕಣ ಲಕ್ಷಕ್ಕೊಂದು, ಕೆಲವೊಮ್ಮೆ ಹತ್ತು ಲಕ್ಷಕ್ಕೊಂದು. ಅದು ಹೆಚ್ಚಾಗಲು ಒಂದು ವಾರ ಬೇಕು. ಬ್ಯಾಕ್ಟೀರಿಯಾ ವಾರ ಕಾಯುತ್ತಾ? ಕಾಯುವುದಿಲ್ಲ. ಅಲ್ಲಿಯವರೆಗೆ ತಡೆದು ಹಿಡಿಯಲು ರೋಗಾಣು ನುಂಗುವ ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್ ಕಣಗಳು, ಕಾಂಪ್ಲಿಮೆಂಟ್ ಅನ್ನೋ ರಕ್ತದ ಪ್ರೋಟೀನ್‌ಗಳು, ಜ್ವರ, ಊತ ಎಲ್ಲ ಬೇಕು. ಅಂದರೆ ಆ ಚಾರ್ಟ್‌ನ ಎಡಗಡೆ. ಕೊನೆಗೆ ಅಲ್ಲಿಗೆ ಬಂದೆವು, ಈಗ ಅದನ್ನು ಓದಿ.

ನೆನಪಿನ ಕಣಗಳ ಬಗ್ಗೆ, ಅಂದರೆ ಒಮ್ಮೆ ಆರಿಸಲ್ಪಟ್ಟು ಆಮೇಲೂ ಉಳಿದುಕೊಳ್ಳುವ ಕಣಗಳ ಬಗ್ಗೆ ಒಂದು ಮಾತು. ಹಳದಿ ಜ್ವರದ ವೈರಸ್, ಮಂಗನ ಕಾಯಿಲೆಯ ವೈರಸ್ ಎರಡೂ ಒಂದೇ ಕುಟುಂಬದವು, ಫ್ಲೇವಿವೈರಸ್. ಹಳದಿ ಜ್ವರದ ಲಸಿಕೆ ಹೆಚ್ಚಿನವರಿಗೆ ಒಂದು ಡೋಸ್ ಜೀವನಪೂರ್ತಿಗೆ ಸಾಕು. ಮಲೆನಾಡಿನವರಿಗೆ ಗೊತ್ತು, ಮಂಗನ ಕಾಯಿಲೆಗೆ ಕೊಡುತ್ತಿದ್ದ ಹಳೇ ಲಸಿಕೆಗೆ ಮೇಲಿಂದ ಮೇಲೆ ಬೂಸ್ಟರ್ ಬೇಕಿತ್ತು. ಮೊದಲನೆಯದು ಬಲ ಕುಂದಿಸಿದ ಜೀವಂತ ವೈರಸ್. ದೇಹದೊಳಗೆ ಸ್ವಲ್ಪ ಬೆಳೆಯುತ್ತದೆ, ಎಡಗಡೆಯ ಕಣಗಳನ್ನು ಚೆನ್ನಾಗಿ ಎಬ್ಬಿಸುತ್ತದೆ. ಎರಡನೆಯದು ಫಾರ್ಮಲಿನ್‌ನಲ್ಲಿ ಕೊಂದದ್ದು. ಎಡಗಡೆ ಸರಿಯಾಗಿ ಏಳದಿದ್ದರೆ ಬಲಗಡೆಯದೂ ಏಳುವುದಿಲ್ಲ. ಇಮ್ಯುನಾಲಜಿಸ್ಟ್ ಚಾರ್ಲ್ಸ್ ಜೇನ್‌ವೇ 1989ರಲ್ಲಿ ಒತ್ತಿ ಹೇಳಿದ್ದು ಇದನ್ನೇ. ಹತ್ತು ಮಾರ್ಕಿನ ಪ್ರಶ್ನೆ ಬಂದರೆ ಈ ಎರಡು ಲಸಿಕೆ ಇಟ್ಟುಕೊಂಡು ಬರೆಯಿರಿ. ಗಾಯ ಆದ ಗಂಟೆಯಿಂದ ಎರಡನೇ ವಾರದವರೆಗೆ ಒಂದು ಗೆರೆ ಎಳೆದು, ಯಾವ ಕಣ ಯಾವಾಗ ಬರುತ್ತದೆ ಅಂತ ಅದರ ಮೇಲೆ ಗುರುತಿಸಿದರೆ ಇನ್ನೂ ಒಳ್ಳೆಯದು.

ಬಾಯಿಪಾಠ ಪೂರ್ತಿ ತಪ್ಪುತ್ತದೆ ಅಂತ ಸುಳ್ಳು ಹೇಳಲ್ಲ. ಆಂಟಿಬಾಡಿಯ ಐದು ವರ್ಗ ಬಾಯಲ್ಲಿರಬೇಕು. ಸಿಡಿ4, ಸಿಡಿ8 ಟಿ ಕಣಗಳ ಮೇಲಿನ ಗುರುತಿನ ಪ್ರೋಟೀನ್‌ಗಳು: ಸಿಡಿ4 ಎಂಎಚ್‌ಸಿ 2ರ ಜೊತೆ, ಸಿಡಿ8 ಎಂಎಚ್‌ಸಿ 1ರ ಜೊತೆ. ಎರಡು ಜೋಡಿಯಲ್ಲೂ ನಂಬರು ಗುಣಿಸಿದರೆ ಎಂಟೇ ಬರುತ್ತದೆ, ವೈವಾದಲ್ಲಿ ಕೈಕಾಲು ನಡುಗುವಾಗಲೂ ಇದು ಮರೆಯುವುದಿಲ್ಲ. ಇಂಟರ್‌ಲ್ಯೂಕಿನ್ (ಐಎಲ್) ಅಂದರೆ ಕಣಗಳು ಒಂದಕ್ಕೊಂದು ಕಳಿಸುವ ಸಂದೇಶದ ಪ್ರೋಟೀನ್. ಅವುಗಳಲ್ಲಿ 1, 2, 4, 6, 10 ಇಷ್ಟು ಮೊದಲು ಕಲಿಯಿರಿ: ಜ್ವರ, ಟಿ ಕಣದ ಬೆಳವಣಿಗೆ, ಅಲರ್ಜಿಯ ಆಂಟಿಬಾಡಿ ಐಜಿಇ, ಲಿವರ್‌ನಿಂದ ಉರಿಯೂತದ ಗುರುತಾದ ಸಿಆರ್‌ಪಿ, ಉರಿಯೂತ ತಣ್ಣಗೆ ಮಾಡುವುದು, ಇದೇ ಕ್ರಮದಲ್ಲಿ. ಉಳಿದವು ಪಾಠದಲ್ಲಿ ಎದುರಾದಾಗ ನೋಡಿಕೊಂಡರಾಯಿತು. ಪ್ರಶ್ನೆಪತ್ರಿಕೆ ತೆಗೆಯುವವರಿಗೂ ಪೂರ್ತಿ ಪಟ್ಟಿ ನೆನಪಿರುವುದಿಲ್ಲ.