ಊರೂರು ತಿರುಗುತ್ತಿದ್ದ ಅಪ್ಪ ಮನೆಗೆ ಸಿಗುತ್ತಿದ್ದರೇ?

ನನ್ನ ತಂದೆ ಔಷಧ ಕಂಪನಿಯೊಂದರ ಮೆಡಿಕಲ್ ರೆಪ್ರೆಸೆಂಟೇಟಿವ್ ಆಗಿದ್ದರು ಎಂದು ಹೇಳಿದ ಕೂಡಲೇ ಬಹಳ ಜನ ಕೇಳುವ ಪ್ರಶ್ನೆ ಇದು: ತಿಂಗಳಲ್ಲಿ ಅರ್ಧದಷ್ಟು ದಿನ ಲಾಡ್ಜುಗಳಲ್ಲಿ ಕಳೆಯುವ ಮನುಷ್ಯ ಹೆಂಡತಿ ಮಕ್ಕಳಿಗೆ ಎಷ್ಟು ದಕ್ಕುತ್ತಿದ್ದರು, ಊರೂರಿಗೆ ಹಂಚಿ ಉಳಿದ ನಗುವಷ್ಟೇ ಮನೆಗೆ ಬರುತ್ತಿತ್ತಲ್ಲವೇ? ನಾನು ಕಂಡದ್ದು ಇದಕ್ಕೆ ತದ್ವಿರುದ್ಧ. ಅವರ ತಮಾಷೆಯೆಲ್ಲ ಮನೆಯಲ್ಲಿ ತಯಾರಾಗಿ ಊರೂರಿಗೆ ಹೋಗುತ್ತಿತ್ತು.

ಹುಬ್ಬಳ್ಳಿ ಅವರ ಹೆಡ್‌ಕ್ವಾರ್ಟರ್. ಗದಗ, ಬಾದಾಮಿ, ಬಾಗಲಕೋಟೆ, ಇಳಕಲ್ ಟೂರಿನ ಊರುಗಳು. 1970ರ ಪೇಟೆಂಟ್ ಕಾಯ್ದೆ ಪೇಟೆಂಟನ್ನು, ಅಂದರೆ ಏಕಸ್ವಾಮ್ಯದ ಹಕ್ಕನ್ನು, ಔಷಧಕ್ಕೆ ಕೊಡದೆ ಅದರ ತಯಾರಿಕಾ ವಿಧಾನಕ್ಕಷ್ಟೇ ಕೊಡುತ್ತಿದ್ದುದರಿಂದ ಒಂದೇ ಔಷಧವನ್ನು ಹಲವು ಕಂಪನಿಗಳು ಬೇರೆ ವಿಧಾನದಲ್ಲಿ ತಯಾರಿಸಿ ಬೇರೆ ಬೇರೆ ಹೆಸರಿನಲ್ಲಿ ಮಾರುತ್ತಿದ್ದ ಕಾಲವದು. ಗುಳಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲದಿರುವಾಗ, ಹೊರಗೆ ರೋಗಿಗಳ ಸಾಲು ಕಾಯುತ್ತಿರುವ ವೈದ್ಯರು ಬಿಟ್ಟುಕೊಡುವ ಒಂದೆರಡು ನಿಮಿಷದಲ್ಲಿ ತನ್ನ ಔಷಧದ ಹೆಸರು ಅವರ ನೆನಪಿನಲ್ಲಿ ಉಳಿಯುವಂತೆ ಮಾಡುವುದೇ ಪ್ರತಿನಿಧಿಯ ಕಸುಬು.

ಆ ಒಂದೆರಡು ನಿಮಿಷದ ತಾಲೀಮು ನಮ್ಮ ಪಡಸಾಲೆಯಲ್ಲಿ ನಡೆಯುತ್ತಿತ್ತು. ಹೊಸ ಔಷಧದ ಚಿತ್ರಪುಟಗಳು ಬಂದ ರಾತ್ರಿ ಅವ್ವ ಡಾಕ್ಟರರಾಗಿ ಕುರ್ಚಿಯಲ್ಲಿ ಕೂರಬೇಕು, ನಾನು ಮತ್ತು ತಮ್ಮ ಬಾಗಿಲ ಬಳಿ ಕೆಮ್ಮುತ್ತ ಕಾಯುವ ರೋಗಿಗಳಾಗಬೇಕು. ಅಪ್ಪ ಟೈ ಬಿಗಿದುಕೊಂಡು ಒಳಬಂದು, “ಡಾಕ್ಟರ್ ಸಾಹೇಬರ, ಎರಡ ನಿಮಿಷ ಟೈಮ್ ಕೊಡ್ರೀ” ಎಂದು ಶುರುಮಾಡಿ ಔಷಧದ ಗುಣಗಾನಕ್ಕೆ ಇಳಿದರೆ, ಅವ್ವ ನಡುವೆಯೇ ತಡೆದು, “ಅದೆಲ್ಲಾ ಇರಲ್ರೀ, ರೇಟ್ ಎಷ್ಟು? ಕೂಲಿ ಮಾಡೋರಿಗೆ ನೀಗತದೇನ್ರೀ?” ಎಂದು ಕೇಳುತ್ತಿದ್ದರು. ಈ ಪ್ರಶ್ನೆಯನ್ನು ಅಪ್ಪ ಎಷ್ಟು ಮನಸ್ಸಿಗೆ ಹಚ್ಚಿಕೊಂಡರೆಂದರೆ, ಆಮೇಲೆ ಎಲ್ಲ ವೈದ್ಯರ ಮುಂದೆಯೂ ಬೆಲೆಯನ್ನೇ ಮೊದಲು ಹೇಳತೊಡಗಿದರು. “ನಮ್ಮ ಮನಿ ಡಾಕ್ಟರು ಮೊದಲ ರೇಟ್ ಕೇಳ್ತಾರ್ರೀ” ಎಂಬುದು ಅವರ ಪೀಠಿಕೆಯಾಯಿತು. ವೈದ್ಯರು ನಕ್ಕು ಕಿವಿಗೊಡುತ್ತಿದ್ದರಂತೆ. ಎದುರಾಳಿ ಕಂಪನಿಯ ಔಷಧವನ್ನು ಹಳಿದದ್ದನ್ನು ಮಾತ್ರ ನಾನು ತಾಲೀಮಿನಲ್ಲೂ ಕೇಳಲಿಲ್ಲ.

ಟೂರಿನ ರಾತ್ರಿಗಳಲ್ಲಿ ಕಂಪನಿಗೆ ಡೈಲಿ ರಿಪೋರ್ಟ್ ಬರೆದು ಮುಗಿಸಿದ ಮೇಲೆ ಅದೇ ಪೆನ್ನಿನಲ್ಲಿ ನಮಗೊಂದು ಕಾರ್ಡು ಬರೆಯುವುದು ಅವರ ರೂಢಿಯಾಗಿತ್ತು. ಕಾರ್ಡಿಗಿಂತ ಅವರೇ ಮೊದಲು ಬಂದುಬಿಡುವುದೂ ಇತ್ತು. ಹಾಗಾದಾಗ ಕಾರ್ಡು ಬಂದ ದಿನ ಅಪ್ಪನೇ ಅಂಚೆಯವರಂತೆ ಬಾಗಿಲು ಬಡಿದು, ತಾವು ಬರೆದದ್ದನ್ನು ಬೇರೆ ಯಾರೋ ಬರೆದಂತೆ ಅಚ್ಚರಿಪಡುತ್ತ ಓದಿಹೇಳುತ್ತಿದ್ದರು.

1976ರಲ್ಲಿ ಬಂದ ಕಾಯ್ದೆ ಅವರಂಥ ನೌಕರರಿಗೆ ನೇಮಕಾತಿ ಪತ್ರವನ್ನೂ ರಜೆಯ ಹಕ್ಕನ್ನೂ ಕೊಟ್ಟಿತ್ತು. ಆ ರಜೆಯಲ್ಲಿ ಒಂದು ಪಾಲನ್ನು ಅವರು ಬನದ ಹುಣ್ಣಿಮೆಗೆಂದೇ ತೆಗೆದಿಡುತ್ತಿದ್ದರು. ಬಾದಾಮಿಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಟೆಂಟು ಹಾಕುತ್ತಿದ್ದವು. ನಾವು ಗದಗದ ಮೇಲೆ ಹಾದುಹೋಗುವ ಮೀಟರ್ ಗೇಜ್ ರೈಲಿನಲ್ಲಿ ಅಲ್ಲಿಗೆ ಇಳಿದು, ಗುಡಿಯ ಬಳಿ ಬುಟ್ಟಿ ಹೊತ್ತು ಬರುವ ಹೆಂಗಸರಿಂದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕೊಂಡು ಉಂಡು, ಬೆಳಗಿನ ಜಾವದವರೆಗೆ ನಾಟಕ ನೋಡುತ್ತಿದ್ದೆವು. ವರ್ಷವಿಡೀ ಅದೇ ಸೀಮೆಯಲ್ಲಿ ಬ್ಯಾಗು ಹೊತ್ತು ಅಲೆಯುವ ಮನುಷ್ಯ ರಜೆಯಲ್ಲೂ ಅಲ್ಲಿಗೇ ಹೊರಡುತ್ತಿದ್ದುದು ನಮಗೆ ಅದನ್ನೆಲ್ಲ ತೋರಿಸುವ ಆಸೆಯಿಂದ ಎಂದು ನಾನು ಬಲ್ಲೆ. ಹಾಸ್ಯ ಪಾತ್ರಧಾರಿಯ ಮಾತುಗಳು ಮುಂದೆ ತಿಂಗಳುಗಟ್ಟಲೆ ನಮ್ಮ ಊಟದ ಹೊತ್ತಿನಲ್ಲಿ ಓಡಾಡುತ್ತಿದ್ದವು.

ಏರಿಯಾ ಮ್ಯಾನೇಜರ್ ಹುದ್ದೆ ಬಂದಾಗ, ಹೊರ ರಾಜ್ಯಕ್ಕೆ ಹೋಗಬೇಕಾಗುತ್ತದೆಂಬ ಕಾರಣಕ್ಕೆ ಅಪ್ಪ ಅದನ್ನು ಬೇಡವೆಂದರು. ನಿವೃತ್ತರಾಗುವವರೆಗೂ ಪ್ರತಿನಿಧಿಯಾಗಿಯೇ ಉಳಿದರು.

ಅವರು ತೀರಿಕೊಂಡಾಗ ಹಳೆಯ ಕಾಂಪೌಂಡರುಗಳು, ಮೆಡಿಕಲ್ ಅಂಗಡಿಯವರು, ಎದುರಾಳಿ ಕಂಪನಿಗಳ ಪ್ರತಿನಿಧಿಗಳು ಮಾತನಾಡಿಸಲು ಬಂದರು. ನಾವು ಎಂದೂ ಕಂಡಿರದ ಆ ಜನಕ್ಕೆ ತಮ್ಮನಿಗೆ ಗಣಿತ ಹತ್ತುತ್ತಿರಲಿಲ್ಲವೆಂಬುದು ತಿಳಿದಿತ್ತು, ನನ್ನ ಪರೀಕ್ಷೆಯ ಅಂಕಗಳೂ ತಿಳಿದಿದ್ದವು. ಇಳಕಲ್ಲಿನ ಅಂಗಡಿಯವರೊಬ್ಬರು ಅವ್ವನ ಮುಂದೆ ಕೈಮುಗಿದು ನಿಂತು ಕೇಳಿದರು: “ಅಕ್ಕಾರ, ಮೊದಲ ರೇಟ್ ಕೇಳೋ ಡಾಕ್ಟರ್ ಅಂದ್ರ ನೀವೇನ್ರೀ?”